ಗಂಗಾವತಿಯಿಂದ ಕುಷ್ಟಗಿಯವರೆಗಿನ ದನಿ

ನಮ್ಮ ಅಂಗಡಿಯಲ್ಲಿ ಊರ ಹೆಸರುಗಳಿಗೆ ಬೇರೆಯದೇ ಅರ್ಥವಿತ್ತು. ಗಂಗಾವತಿ ಎಂದರೆ ದಪ್ಪ ದನಿ, ಕಿವಿಗಿಂತ ಮೊದಲು ಎದೆಗೆ ತಾಗುವಂಥದ್ದು. ಕೊಪ್ಪಳ ಎಂದರೆ ಅದರ ಮೇಲಿನದು, ಡೊಳ್ಳಿನ ಪೆಟ್ಟು, ಗಂಡಸರ ಮಾತಿನ ಬುಡ. ಯಲಬುರ್ಗಾ ಎಂದರೆ ಮಾತಿನ ನಡುಭಾಗ. ಕರೆದವರು ಯಾರು ಎಂದು ನಾವು ಗುರುತು ಹಿಡಿಯುವುದು ಅಲ್ಲಿಯೇ. ಕುಷ್ಟಗಿ ಎಂದರೆ ಎಲ್ಲಕ್ಕಿಂತ ಮೇಲಿನ ಚೂಪು ದನಿ. ಸ್ಪೀಕರು ಕೆಟ್ಟು ಬಂದರೆ ಅಪ್ಪ ಕಿವಿಗೊಟ್ಟು ಕೇಳಿ, ಅದರಲ್ಲಿ ಯಾವ ಊರು ಕೆಟ್ಟಿದೆ ಎಂದು ಹೇಳುತ್ತಿದ್ದ.

ಹೊಸಬರಿಗೆ ಇದು ತಿಳಿಯುತ್ತಿರಲಿಲ್ಲ. ಒಮ್ಮೆ ನಿಜವಾಗಿಯೂ ಕುಷ್ಟಗಿಯಿಂದಲೇ ಒಬ್ಬರು ದೊಡ್ಡ ಸ್ಪೀಕರು ಡಬ್ಬಿಯೊಂದನ್ನು ಟಂಟಂನಲ್ಲಿ ಹೇರಿಕೊಂಡು ಬಂದಿದ್ದರು. ಅಪ್ಪ ಕೇಳಿ ನೋಡಿ, "ಉಳಿದದ್ದೆಲ್ಲಾ ಛಲೋ ಐತ್ರಿ. ಕುಷ್ಟಗಿ ಅಷ್ಟ ಸುಟ್ಟೈತಿ" ಅಂದ. ಅವರ ಮುಖ ಬಿಳಿಚಿಕೊಂಡಿತು. "ಯಾವಾಗ್ರಿ? ನಾ ಮುಂಜಾನೆ ಅಲ್ಲಿಂದನ ಬಂದೀನಲ್ರಿ" ಎಂದು ಫೋನಿಗೆ ಕೈ ಹಾಕಿದರು. ಅವರನ್ನು ಕೂಡಿಸಿ, ನೀರು ಕೊಟ್ಟು, ಸುಟ್ಟದ್ದು ಊರಲ್ಲ, ಡಬ್ಬಿಯ ಮೇಲುಗಡೆಯ ಸಣ್ಣ ಸ್ಪೀಕರು ಎಂದು ತಿಳಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಅಪ್ಪ ಮಾತ್ರ ತಾನೇನು ತಪ್ಪು ಹೇಳಿದೆ ಎಂಬಂತೆ ಬೆಸುಗೆ ಹಾಕುತ್ತಲೇ ಇದ್ದ.

ಅಂಗಡಿ ಇರುವುದು ಕೊಪ್ಪಳದಲ್ಲಿ, ಬಜಾರಿನಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ. ಮುಂದಿನ ಕೋಣೆ ಅಂಗಡಿ, ಹಿಂದೆ ಮನೆ, ನಡುವೆ ಪರಸಿ ಕಲ್ಲು ಹಾಸಿದ ಸಣ್ಣ ಅಂಗಳ. ಅಂಗಳದಿಂದ ಅಂಗಡಿಗೆ ಬರುವಲ್ಲಿ ಒಂದು ಗಟಾರವಿದೆ, ಅದರ ಮೇಲೆ ಒಂದು ದಪ್ಪ ಕಟ್ಟಿಗೆಯ ಹಲಗೆ. ಅಪ್ಪ ಬೇವೂರಿನ ಕಡೆಯವನು, ಎರಿ ಹೊಲದ ಕಪ್ಪು ಮಣ್ಣಿನಲ್ಲಿ ಹುಟ್ಟಿ ಬೆಳೆದವನು. ಹೊಸಪೇಟೆಯಲ್ಲಿ ಒಬ್ಬರ ಅಂಗಡಿಯಲ್ಲಿ ಕೂತು ಈ ಕೆಲಸ ಕಲಿತ. ಸ್ಪೀಕರಿನ ಹರಿದ ಕಾಗದದ ಬುಟ್ಟಿ ತೆಗೆದು ಹೊಸದು ಅಂಟಿಸುವುದು, ಸುಟ್ಟ ಸುರುಳಿ ತೆಗೆದು ಹೊಸ ತಂತಿ ಸುತ್ತುವುದು, ಇದೇ ಅವನ ಜೀವನ. ನಾನು ಒಬ್ಬಳೇ ಮಗಳು. ಎಲೆಕ್ಟ್ರಾನಿಕ್ಸಿನಲ್ಲಿ ಡಿಪ್ಲೊಮಾ ಮುಗಿಸಿ, ಬೇರೆ ಎಲ್ಲಿಯೂ ಹೋಗದೆ ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂತೆ. ಮದುವೆಯಾಗಿ ಮುನಿರಾಬಾದಿಗೆ ಹೋದ ಮೇಲೂ ದಿನಾ ಬಸ್ಸು ಹತ್ತಿ ಬಂದು ಅದೇ ಸ್ಟೂಲಿನ ಮೇಲೆ ಕೂರುತ್ತೇನೆ.

ಊರುಗಳು ದನಿಗಳಾಗಲು ನನ್ನ ವಿಜ್ಞಾನದ ಪುಸ್ತಕವೇ ಕಾರಣ. ಹೈಸ್ಕೂಲಿನಲ್ಲಿದ್ದಾಗ ಪರೀಕ್ಷೆಗೆಂದು ಅಂಗಡಿಯಲ್ಲೇ ಕೂತು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ಒಂದು ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆಯೇ ಶಬ್ದದ ಆವೃತ್ತಿ, ಅದರ ಅಳತೆ ಹರ್ಟ್ಸ್. ಅಪ್ಪ ತಲೆಯೆತ್ತಿದ.

"ಆವೃತ್ತಿ ಅಂದ್ರ ಪೇಪರಿಗೆ ಇರತೈತಲ್ಲ, ಅದಲ್ಲೇನು? ಕೊಪ್ಪಳ ಆವೃತ್ತಿ, ಬಳ್ಳಾರಿ ಆವೃತ್ತಿ?"

"ಅದಲ್ಲಪ್ಪಾ. ಇದು ಶಬ್ದದ್ದು."

"ಹಂಗಾದ್ರ ಶಬ್ದಕ್ಕೂ ಒಂದು ಕೊಪ್ಪಳ ಆವೃತ್ತಿ ಇರಬೇಕು."

ನನಗೆ ಸಿಟ್ಟು ಬಂತು. ಆ ವಯಸ್ಸಿನಲ್ಲಿ ಪುಸ್ತಕದಲ್ಲಿ ಇದ್ದದ್ದೇ ನನಗೆ ದೇವರು. ಆದರೆ ಅಪ್ಪ ತಮಾಷೆ ಮಾಡುತ್ತಿರಲಿಲ್ಲ. ಮೈಕು ಹಿಡಿದು, ರಿಪೇರಿಯಾದ ಡಬ್ಬಿಯೊಂದರ ಮುಂದೆ ನಿಂತು ನಿಧಾನವಾಗಿ "ಕೊಪ್ಪಳ" ಅಂದ. 'ಪ್ಪ' ಎನ್ನುವಲ್ಲಿ ಕಾಗದದ ಬುಟ್ಟಿ ಒಮ್ಮೆ ಮುಂದೆ ಬಂದು ಹಿಂದೆ ಹೋಯಿತು. ಆಮೇಲೆ "ಗಂಗಾವತಿ" ಅಂದ. 'ಗಂ' ಎಂಬುದು ಮೇಜಿನ ಮೇಲಿದ್ದ ಸ್ಕ್ರೂಗಳನ್ನು ನಡುಗಿಸಿತು. "ಯಲಬುರ್ಗಾ" ಅಂದಾಗ ಏನೂ ನಡುಗಲಿಲ್ಲ, ಅಪ್ಪನ ದನಿ ಅಪ್ಪನದಾಗಿಯೇ ಕೇಳಿಸಿತು. ಕೊನೆಗೆ "ಕುಷ್ಟಗಿ". ಆ 'ಷ್ಟ' ಸ್ಪೀಕರಿನಿಂದ ಬರಲೇ ಇಲ್ಲ, 'ಕುಟ್ಟಗಿ' ಎಂದು ಬಂತು. ಅಪ್ಪ ಡಬ್ಬಿ ಬಿಚ್ಚಿದ. ಮೇಲುಗಡೆಯ ಸಣ್ಣ ಸ್ಪೀಕರಿನ ತಂತಿ ಕಡಿದು ಬಿದ್ದಿತ್ತು.

ಅವತ್ತಿನಿಂದ ಅದೇ ನಮ್ಮ ಪರೀಕ್ಷೆ. ಯಾವ ಡಬ್ಬಿಯೇ ಬರಲಿ, ನಾಲ್ಕೂ ಊರು ದಾಟದೆ ಅಂಗಡಿಯ ಹೊಸ್ತಿಲು ದಾಟುವಂತಿಲ್ಲ. ಗುಡಿಯ ಮೇಲಿನ ತಗಡಿನ ಹಾರ್ನಿಗೆ ಗಂಗಾವತಿ ಗೊತ್ತೇ ಇಲ್ಲ, ಅದು ಕೊಪ್ಪಳ ದಾಟಿದ ಮೇಲೆಯೇ ಬಸ್ಸು ಹತ್ತುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಫೋನಿನ ಸ್ಪೀಕರು ಯಲಬುರ್ಗಾದ ಆಚೆಗೇ ಹುಟ್ಟಿದ್ದು. ದೊಡ್ಡ ಕರಿಯ ಡಬ್ಬಿಗಳು ಗಂಗಾವತಿ ಬಿಟ್ಟು ಕದಲುವುದಿಲ್ಲ.

ಹೊಸ ಸ್ಪೀಕರುಗಳ ಪೆಟ್ಟಿಗೆಯ ಮೇಲೆ ಇಪ್ಪತ್ತು ಹರ್ಟ್ಸಿನಿಂದ ಇಪ್ಪತ್ತು ಕಿಲೋಹರ್ಟ್ಸ್ ಎಂದು ಅಚ್ಚು ಹಾಕಿರುತ್ತಾರೆ. ಅಪ್ಪ ಅದನ್ನು ಬೆರಳಿಟ್ಟು ಓದುತ್ತಿದ್ದ. "ಇಪ್ಪತ್ತಕ್ಕ ಹೊಂಟು ಇಪ್ಪತ್ತಕ್ಕ ಮುಟ್ಟಿದ್ರ ಎಲ್ಲಿಗೆ ಹೋದಂಗಾತು?" ಕಿಲೋ ಎಂದರೆ ಸಾವಿರ ಎಂದು ನಾನು ಎಷ್ಟು ಸಲ ಹೇಳಿದ್ದೇನೋ. ಅವನಿಗೆ ಗೊತ್ತಿತ್ತು. ನನ್ನನ್ನು ಕೆಣಕುವುದಕ್ಕೆ ಹಾಗೆ ಅನ್ನುತ್ತಿದ್ದ. ಅಚ್ಚಾದದ್ದನ್ನು ಅವನು ಎಂದೂ ನಂಬಲಿಲ್ಲ, ತನ್ನ ಕಿವಿಯನ್ನು ಮಾತ್ರ ನಂಬಿದ.

ಈ ನಾಲ್ಕು ಊರುಗಳನ್ನು ನಾನು ಇವತ್ತಿಗೂ ದನಿಯಾಗಿಯೇ ಕಾಣುತ್ತೇನೆ. ಏನಾದರೂ ಕೆಲಸವಿದ್ದು ಗಂಗಾವತಿಗೆ ಹೋದರೆ ಕಿಟಕಿಯ ಪಕ್ಕ ಕೂತು ಅರೆಗಣ್ಣು ಮುಚ್ಚುತ್ತೇನೆ. ಅಲ್ಲಿ ಕಾಲುವೆಯ ನೀರು, ನೀರು ನಿಂತ ಗದ್ದೆ, ಗದ್ದೆಯಲ್ಲಿ ಕಪ್ಪೆ, ಅಕ್ಕಿ ಮಿಲ್ಲುಗಳ ಗುಡುಗುಡು. ಬಸ್ಸಿನ ಸೀಟೂ ಸಣ್ಣಗೆ ನಡುಗುತ್ತದೆ. ಕೊಪ್ಪಳಕ್ಕೆ ಬರುತ್ತಿದ್ದಂತೆ ಬಂಡೆಗಳು, ಲಾರಿಗಳು, ಬಡಿದರೆ ಬಡಿದ ಹಾಗೆ ಮರಳಿ ಬರುವ ಸದ್ದು. ಯಲಬುರ್ಗಾದ ಕಡೆ ತಿರುಗಿದರೆ ಎರಿ ಭೂಮಿ, ಎಲ್ಲಿಯೋ ದೂರದಲ್ಲಿ ಒಬ್ಬರು ಇನ್ನೊಬ್ಬರನ್ನು ಕೂಗುವುದು, ಅಷ್ಟೇ. ಮುಂದೆ ಕುಷ್ಟಗಿಯ ದಾರಿಯಲ್ಲಿ ಒಣಗಿದ ಜೋಳದ ಎಲೆಗಳ ಸರಸರ, ಗಾಳಿ, ಕಲ್ಲಿನ ಮೇಲೆ ಕಲ್ಲು. ಭೂಮಿಯೇ ತಗ್ಗಿನ ದನಿಯಿಂದ ಹೊರಟು ಮೇಲಕ್ಕೆ ಏರಿ ಸಣ್ಣದಾಗುತ್ತಾ ಹೋಗುತ್ತದೆ ಎಂದು ನನಗೆ ಅನಿಸುತ್ತದೆ. ಕಂಡಕ್ಟರು ಭುಜ ಅಲುಗಿಸಿ ಇಳಿಯುವುದಿಲ್ಲವೇ ಎಂದು ಕೇಳಿದ್ದೂ ಉಂಟು.

ಕುಷ್ಟಗಿಯ ಮೇಲೆಯೂ ಒಂದು ದನಿ ಇತ್ತು. ಅದಕ್ಕೆ ಅಪ್ಪ ಯಾವ ಊರ ಹೆಸರನ್ನೂ ಇಡಲಿಲ್ಲ. ಅದು ಅವ್ವನ ಕಾಲುಂಗುರ. ಮುಂಜಾನೆ ಹನ್ನೊಂದರ ಹೊತ್ತಿಗೆ ಅವ್ವ ಚಹಾ ತಗೊಂಡು ಒಳಗಿನಿಂದ ಹೊರಡುತ್ತಾಳೆ. ಅಂಗಳದ ಪರಸಿಯ ಮೇಲೆ ಬೆಳ್ಳಿಯ ಉಂಗುರ ಟಿಣ್ ಟಿಣ್ ಎಂದು ತಾಗುತ್ತದೆ, ಸೂಜಿಯ ಮೊನೆಯಷ್ಟು ಸಣ್ಣ ಸದ್ದು. ಅಂಗಡಿಯಲ್ಲಿ ನಾಲ್ಕು ಜನ ಮಾತಾಡುತ್ತಿದ್ದರೂ, ಪಕ್ಕದ ಗಿರಣಿ ತಿರುಗುತ್ತಿದ್ದರೂ ಅಪ್ಪನಿಗೆ ಅದು ಕೇಳುತ್ತಿತ್ತು. ಅವನು ಅಂಗಳಕ್ಕೆ ಬೆನ್ನು ಹಾಕಿ ಕೂರುವವನು. ತಿರುಗಿ ನೋಡುತ್ತಿರಲಿಲ್ಲ. ಬಲಗೈಯಿಂದ ಬೆಂಚಿನ ಮೂಲೆಯಲ್ಲಿದ್ದ ಸ್ಕ್ರೂ, ತಂತಿ ಎಲ್ಲವನ್ನೂ ಸರಿಸಿ, ಅಂಗೈಯಿಂದ ಒರೆಸಿ, ಲೋಟಕ್ಕೆ ಜಾಗ ಮಾಡುತ್ತಿದ್ದ. ಅವ್ವ ಬಂದು ಅಲ್ಲೇ ಇಡುತ್ತಿದ್ದಳು. ನನಗೆ ನೆನಪಿರುವಷ್ಟು ಕಾಲದಿಂದ ಇದು ಹೀಗೆಯೇ ನಡೆದಿತ್ತು, ಇಬ್ಬರೂ ಇದರ ಬಗ್ಗೆ ಒಂದು ಮಾತು ಆಡಿದವರಲ್ಲ.

ಎರಡೂವರೆ ವರ್ಷದ ಹಿಂದೆ ಅವ್ವನ ಕಾಲು ಬಾತುಕೊಂಡು ಉಂಗುರ ಬಿಗಿಯಾಯಿತು. ಒಂದು ದಿನ ಊಟಕ್ಕೆ ಬಡಿಸುತ್ತಾ ಅಂದಳು: "ಬೆರಳು ಕತ್ತರಿಸಿದಂಗ ಆಗಾಕತ್ತೈತ್ರಿ. ತಗದು ಇಡತೀನಿ."

"ನಾ ಇರೋತನಕ ತಗೀಬ್ಯಾಡ" ಅಂದ ಅಪ್ಪ. ಅವನು ಶಾಸ್ತ್ರ ಸಂಪ್ರದಾಯ ಎಂದು ಕಟ್ಟಿಕೊಂಡವನಲ್ಲ. ಆದರೂ ಆ ಮಾತು ಬಿರುಸಾಗಿಯೇ ಬಂತು. ಅವ್ವ ಮರುದಿನ ನನ್ನನ್ನು ಕರೆದುಕೊಂಡು ಬೆಳ್ಳಿ ಕೆಲಸದ ಪತ್ತಾರರ ಹತ್ತಿರ ಹೋಗಿ ಉಂಗುರ ಸಡಿಲು ಮಾಡಿಸಿಕೊಂಡು ಬಂದಳು. ಸಡಿಲಾದದ್ದಕ್ಕೆ ಅದು ಮೊದಲಿಗಿಂತ ಹೆಚ್ಚು ಸದ್ದು ಮಾಡುತ್ತಿತ್ತು.

ಅದೇ ಹೊತ್ತಿನಲ್ಲಿ ಅಪ್ಪನ ಕಿವಿ ಹೋಗುತ್ತಿತ್ತು, ನನಗೆ ತಿಳಿಯಲು ತಡವಾಯಿತು. ಮೊದಲು ಕಂಡದ್ದು ಚಹಾ ಲೋಟ. ಒಂದು ದಿನ ಅವ್ವ ಬಂದಾಗ ಬೆಂಚಿನ ಮೂಲೆ ಖಾಲಿ ಇರಲಿಲ್ಲ. ಅವಳು ಒಂದು ಕ್ಷಣ ನಿಂತು, ಸ್ಕ್ರೂಗಳ ನಡುವೆಯೇ ಲೋಟ ಇಟ್ಟು ಹೋದಳು. ಅಪ್ಪನ ಮೊಣಕೈ ತಾಗಿ ಚಹಾ ಆಗತಾನೇ ಅಂಟು ಹಚ್ಚಿದ್ದ ಬುಟ್ಟಿಯ ಮೇಲೆ ಚೆಲ್ಲಿತು. ಅಪ್ಪ ಬೈಯಲಿಲ್ಲ, ಒದ್ದೆ ಬುಟ್ಟಿಯನ್ನು ಸುಮ್ಮನೆ ನೋಡುತ್ತಾ ಕೂತ. ಏನೋ ಯೋಚನೆಯಲ್ಲಿ ಇದ್ದಿರಬೇಕು ಎಂದುಕೊಂಡೆ. ಮರುದಿನವೂ ಮೂಲೆ ಖಾಲಿ ಇರಲಿಲ್ಲ.

ಆಮೇಲೆ ಡಬ್ಬಿಗಳು. ಅಪ್ಪ ಪರೀಕ್ಷೆ ಮಾಡುವಾಗ "ಕುಷ್ಟಗಿ ಬರವಲ್ದು" ಎನ್ನುತ್ತಾ ಸಣ್ಣ ಸ್ಪೀಕರಿನ ಜೋರು ಏರಿಸುತ್ತಿದ್ದ. ಏರಿಸಿ, ಮತ್ತೆ ಹೇಳಿ, ಮತ್ತೆ ಏರಿಸುತ್ತಿದ್ದ. ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಒಂದು ಹಳ್ಳಿಯ ಸಮುದಾಯ ಭವನಕ್ಕೆ ಹೋದ ಜೋಡಿ ಡಬ್ಬಿಗಳು ಎರಡೇ ದಿನಕ್ಕೆ ಮರಳಿ ಬಂದವು. ತಂದ ಹಿರಿಯರು ಅಪ್ಪನಿಗೆ ಹೇಳಲು ಸಂಕೋಚಪಟ್ಟು ನನ್ನನ್ನು ಹೊರಗೆ ಕರೆದರು. "ಬೇಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ಕೂಸುಗಳು ಕಿವಿ ಮುಚ್ಚಿಕೊಂಡು ಅಳಾಕತ್ತಾವ. ಸೂಜಿ ಚುಚ್ಚಿದಂಗ ಆಗತೈತ್ರಿ."

ಅವತ್ತು ನನಗೆ ಎಲ್ಲಾ ತಿಳಿಯಿತು, ಲೋಟವೂ ತಿಳಿಯಿತು. ಅಪ್ಪನ ಕೈ ನಡುಗಿದ್ದರೆ, ಕಣ್ಣು ಮಂಜಾಗಿದ್ದರೆ ಹೇಳುತ್ತಿದ್ದೆ. ಕನ್ನಡಕ ತರುತ್ತಿದ್ದೆ, ಬೆಸುಗೆ ನಾನು ಹಾಕುತ್ತಿದ್ದೆ. ಆದರೆ ಜಿಲ್ಲೆಯ ಜನ ನಮ್ಮ ಓಣಿಗೆ ಬರುತ್ತಿದ್ದದ್ದೇ ಅಪ್ಪನ ಕಿವಿಗಾಗಿ. ಅದು ಅರ್ಧ ಹೋಗಿದೆ ಎಂದು ಅವನಿಗೆ ಹೇಗೆ ಹೇಳಲಿ? ಹೇಳಿದರೆ ಅವನು ಮರುದಿನದಿಂದ ಆ ಸ್ಟೂಲಿನ ಮೇಲೆ ಕೂರುವುದಿಲ್ಲ, ನನಗೆ ಗೊತ್ತಿತ್ತು. ಅಂಗಡಿಯಿಲ್ಲದ ಅಪ್ಪನನ್ನು ಊಹಿಸಲು ನನ್ನಿಂದ ಆಗಲಿಲ್ಲ.

ಹಾಗಾಗಿ ಕಳ್ಳತನ ಶುರುಮಾಡಿದೆ. ಅಪ್ಪ ಊಟ ಮಾಡಿ ಮಧ್ಯಾಹ್ನ ಒಂದು ತಾಸು ಮಲಗುತ್ತಾನೆ. ಆ ತಾಸಿನಲ್ಲಿ ಅವನು ಮುಗಿಸಿಟ್ಟ ಡಬ್ಬಿಗಳನ್ನು ಬಿಚ್ಚಿ, ಸಣ್ಣ ಸ್ಪೀಕರಿನ ದಾರಿಯಲ್ಲಿ ಒಂದು ರೆಸಿಸ್ಟರ್ ಸೇರಿಸಿ, ದನಿ ತಗ್ಗಿಸಿ, ಮತ್ತೆ ಮುಚ್ಚುತ್ತಿದ್ದೆ. ಹೊರಗೆ ಬಿಸಿಲು ಓಣಿಯನ್ನು ಖಾಲಿ ಮಾಡಿರುತ್ತಿತ್ತು. ಒಳಗೆ ಫ್ಯಾನು ತಿರುಗುತ್ತಿತ್ತು, ಅಂಟಿನ ವಾಸನೆ, ಬೆಸುಗೆಯ ಹೊಗೆ. ನಾನು ಕನಸಿನಲ್ಲಿ ನಡೆಯುವವಳಂತೆ ಅಪ್ಪನ ಕೆಲಸವನ್ನು ಬಿಚ್ಚಿ ತಿದ್ದುತ್ತಿದ್ದೆ. ಒಂದು ಕಡೆ ಜಂಬ, ಇನ್ನೊಂದು ಕಡೆ ನಾಚಿಕೆ. ಗಿರಾಕಿಗಳು ಬಂದು "ಮಾಲಕರ ಕಿವಿ ಅಂದ್ರ ಕಿವಿ" ಎಂದು ಹೊಗಳಿದಾಗ ಅಪ್ಪ ಮುಗುಳ್ನಗುತ್ತಿದ್ದ, ನಾನು ತಲೆ ತಗ್ಗಿಸುತ್ತಿದ್ದೆ.

ಇಷ್ಟಾದರೂ ಅಪ್ಪ ಸಪ್ಪಗಾಗುತ್ತಾ ಹೋದ. ಅವ್ವನ ಹತ್ತಿರ ಅವನ ಮಾತು ಕಡಿಮೆಯಾಯಿತು. ಅವ್ವ ಒಂದು ದಿನ ರೊಟ್ಟಿ ಬಡಿಯುತ್ತಾ ನನಗೆ ಹೇಳಿದಳು: "ನಿಮ್ಮಪ್ಪಗ ಏನಾಗೈತೋ ಏನೋ. ನಾ ಏನರ ತಪ್ಪು ಮಾಡೀನೇನು? ಮುಖ ನೋಡಿ ಮಾತಾಡವಲ್ರು." ವಯಸ್ಸಾಯಿತಲ್ಲವ್ವ ಎಂದೆ.

ಸಿಕ್ಕಿಬಿದ್ದದ್ದು ಹೋದ ವರ್ಷ ಬೇಸಿಗೆಯಲ್ಲಿ. ನಾವು ಮಾಡಿಕೊಟ್ಟಿದ್ದ ಡಬ್ಬಿಯೊಂದು ತಂತಿ ಉದ್ದ ಮಾಡಿಸಿಕೊಳ್ಳಲು ಮರಳಿ ಬಂದಿತ್ತು. ನನ್ನ ಬಸ್ಸು ತಡವಾಗಿತ್ತು, ಅಪ್ಪನೇ ಬಿಚ್ಚಿದ್ದ. ನಾನು ಬರುವ ಹೊತ್ತಿಗೆ ಡಬ್ಬಿಯ ಮುಂದೆ ಕೂತು, ಒಳಗಿನ ರೆಸಿಸ್ಟರನ್ನು ಬೆರಳಿನಿಂದ ಸವರುತ್ತಿದ್ದ. ಅಪ್ಪ ಹಾಕಿದ ಬೆಸುಗೆ ದುಂಡಗೆ ಹೊಳೆಯುತ್ತದೆ. ನನ್ನದಕ್ಕೆ ಯಾವಾಗಲೂ ಒಂದು ಬಾಲ ಉಳಿಯುತ್ತದೆ, ಇಷ್ಟು ವರ್ಷವಾದರೂ ಅದು ಹೋಗಿಲ್ಲ.

"ಈ ಬಾಲ ಯಾರದು?" ಅಂದ.

"ನಂದು."

"ಯಾಕ?"

ಎಷ್ಟೋ ಸುಳ್ಳು ನಾಲಿಗೆಯ ತುದಿಗೆ ಬಂದವು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. "ಕುಷ್ಟಗಿ ಭಾಳ ಆಗಿತ್ತಪ್ಪಾ" ಅಂದೆ. "ಎಷ್ಟು ದಿನದಿಂದ?" ಅಂದ. "ಎಂಟು ತಿಂಗಳಾತು."

ಅಪ್ಪ ಬೈದಿದ್ದರೆ ನಾನೂ ತಿರುಗಿ ಮಾತಾಡುತ್ತಿದ್ದೆ, ನನಗೆ ಅದು ಬರುತ್ತದೆ. ಅವನು ಎದ್ದು, ಮೈಕು ಬದಿಗಿಟ್ಟು, ಫೋನಿಗೆ ಹಚ್ಚುವ ತಂತಿಯನ್ನು ನನ್ನ ಕೈಗೆ ಕೊಟ್ಟ. "ಅದೇನೋ ನಿನ್ನ ಫೋನಿನಾಗ ಕೂ ಅಂತ ಏರಿಕೋತ ಹೋಗೋ ದನಿ ಐತಲ್ಲ, ಅದನ್ನ ಹಚ್ಚು" ಅಂದ.

ಹಚ್ಚಿದೆ. ಫೋನನ್ನು ಒಳ್ಳೆಯ ಡಬ್ಬಿಯೊಂದಕ್ಕೆ ಜೋಡಿಸಿ, ತೀರ ಕೆಳಗಿನಿಂದ ಹಿಡಿದು ನಿಧಾನವಾಗಿ ಏರಿಸುತ್ತಾ ಹೋದೆ. ಅಪ್ಪ ಕಣ್ಣು ಮುಚ್ಚಿ ಬಲಗೈ ಎತ್ತಿದ, ಕೇಳುತ್ತಿರುವಷ್ಟು ಹೊತ್ತು ಎತ್ತಿರುತ್ತೇನೆ ಎಂದು. ಅರವತ್ತು, ನೂರು, ಐನೂರು, ಸಾವಿರ. ಕೈ ಮೇಲೆಯೇ ಇತ್ತು. ಎರಡು ಸಾವಿರ. ಮೂರು. ಅಲ್ಲಿಂದ ಮುಂದೆ ಆ ಕೈ ಸಂಶಯದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಯತೊಡಗಿತು. ನಾಲ್ಕು ಸಾವಿರ ದಾಟುವ ಹೊತ್ತಿಗೆ ತೊಡೆಯ ಮೇಲೆ ಬಂದು ಕೂತಿತು. ದನಿ ಅಂಗಡಿಯ ತುಂಬಾ ಚುಚ್ಚುತ್ತಿತ್ತು, ಎದುರು ಅಂಗಡಿಯವರು ಇಣುಕಿ ನೋಡಿದರು. ಅಪ್ಪ ಕಣ್ಣು ಬಿಟ್ಟು, "ನಿಲ್ಲಿಸಿದೇನು?" ಎಂದು ಕೇಳಿದ.

ಇನ್ನೂ ನಿಲ್ಲಿಸಿರಲಿಲ್ಲ. ಫೋನು ಆರಿಸಿ ಅವನ ಪಕ್ಕ ಕೂತೆ. ನನಗೆ ಅಳು ಬಂತು, ಒರೆಸಿಕೊಳ್ಳದೆಯೇ ಅತ್ತೆ.

"ಅಳಬ್ಯಾಡ ಯವ್ವಾ. ನಿನ್ನ ಡಿಪ್ಲೊಮಾದಾಗ ಇದಕ್ಕ ಏನಂತಾರ, ಬರದು ತೋರಿಸು" ಅಂದ. ಅಪ್ಪ ನನ್ನನ್ನು ಯವ್ವಾ ಎನ್ನುವುದು ತೀರ ಪ್ರೀತಿ ಬಂದಾಗ ಮಾತ್ರ.

ಹಳೆಯ ಪೇಪರಿನ ಅಂಚಿನಲ್ಲಿ ಗೆರೆ ಎಳೆದೆ. ಸ್ಪೀಕರು ಇಂಥ ಆವೃತ್ತಿಯಿಂದ ಇಂಥ ಆವೃತ್ತಿಯವರೆಗೆ ಎಂದು ಬರೆಯುತ್ತಾರಲ್ಲ, ಅಲ್ಲಿ ಗೋಡೆ ಇರುವುದಿಲ್ಲ. ನಡುವೆ ದನಿ ಸಮನಾಗಿ ಹೋಗುತ್ತದೆ, ಎರಡೂ ತುದಿಯಲ್ಲಿ ಇಳಿಜಾರು. ಇಳಿಯುತ್ತಾ ಇಳಿಯುತ್ತಾ ಒಂದು ಕಡೆ ಮೂರು ಡೆಸಿಬಲ್ ತಗ್ಗುತ್ತದೆ, ಅಂದರೆ ಶಕ್ತಿ ಅರ್ಧವಾಗುತ್ತದೆ. ಅಲ್ಲಿಗೆ ಇದರ ವ್ಯಾಪ್ತಿ ಮುಗಿಯಿತು ಎಂದು ಗುರುತು ಹಾಕುತ್ತಾರೆ. ಕೆಲವರು ಹತ್ತು ಡೆಸಿಬಲ್ ಇಳಿದ ಮೇಲೆ ಹಾಕಿ, ಸ್ಪೀಕರು ಬಹಳ ದೂರ ಹೋಗುತ್ತದೆ ಎಂದು ಹೇಳಿಕೊಳ್ಳುತ್ತಾರೆ. ಎಷ್ಟು ಇಳಿದಾಗ ಗುರುತು ಹಾಕಿದರು ಎಂದು ಹೇಳದಿದ್ದರೆ, ಪೆಟ್ಟಿಗೆಯ ಮೇಲಿನ ಇಪ್ಪತ್ತಕ್ಕೂ ಇಪ್ಪತ್ತು ಸಾವಿರಕ್ಕೂ ಅರ್ಥವಿಲ್ಲ.

ಅಪ್ಪ ಗೆರೆಯನ್ನು ಬಹಳ ಹೊತ್ತು ನೋಡಿದ. ಹೊಲದಲ್ಲಿ ಬೆಳೆದವನಿಗೆ ಅದು ಬೇರೆಯಾಗಿಯೇ ಕಂಡಿರಬೇಕು.

"ಅಂದ್ರ ಇದು ಬದು" ಅಂದ. "ಇಲ್ಲೀತನಕ ನಮ್ಮದು ಅಂತ ಮಾತಾಡಿಕೊಂಡು ಹಾಕಿದ್ದು. ಬದುವಿನ ಆಚೀಕಡಿ ಭೂಮಿ ಇರತೈತಿ, ಹೌದಲ್ಲ?"

"ಇರತೈತಪ್ಪಾ. ದನಿ ಬರತಿರತೈತಿ. ಕಡಿಮಿ ಆಗಿರತೈತಿ, ಅಷ್ಟ."

"ನನ್ನ ಕಿವೀದು ಬದು ಎಲ್ಲಿ ಬರತೈತಿ, ಹಾಕು."

ನಾನು ಪೆನ್ನನ್ನು ಪೇಪರಿನ ಮೇಲೆ ಇಟ್ಟುಬಿಟ್ಟೆ. ಅವನೇ ಪೆನ್ನು ತಗೊಂಡು, ತನ್ನ ಕೈ ಇಳಿದ ಜಾಗವನ್ನು ಅಂದಾಜು ಮಾಡಿ, ಯಲಬುರ್ಗಾ ದಾಟಿ ಸ್ವಲ್ಪ ಮುಂದೆ ಒಂದು ಗೀಟು ಎಳೆದ. "ಕುಷ್ಟಗೀಗೆ ಟಿಕೀಟ ತಗೊಂಡು ನಡುವ ಇಳದೀನಿ" ಎಂದು ಸಣ್ಣಗೆ ನಕ್ಕ. ಆಮೇಲೆ ಆ ಗೀಟಿನ ಆಚೆಗೆ, ಪೇಪರು ಮುಗಿಯುವ ತುದಿಯಲ್ಲಿ ಬೆರಳಿಟ್ಟು, ದನಿ ತಗ್ಗಿಸಿ ಕೇಳಿದ.

"ನಿಮ್ಮವ್ವನ ಕಾಲುಂಗ್ರ ಇಲ್ಲಿ ಬರತೈತೇನು?"

"ಹೂಂ. ಕುಷ್ಟಗೀಗಿಂತಾ ಮ್ಯಾಲೆ."

"ಹಂಗಾದ್ರ..." ಅಂದ, ನಿಲ್ಲಿಸಿದ. "ಹಂಗಾದ್ರ ಆಕಿ ತಗದಿಲ್ಲ?"

ನನಗೆ ಮೊದಲು ತಿಳಿಯಲಿಲ್ಲ. "ಏನು ತಗದಿಲ್ಲ?"

"ಕಾಲುಂಗ್ರ. ನಾ ಬ್ಯಾಡ ಅಂದಿದ್ನಲ್ಲ. ಅದಾದ ಮ್ಯಾಲೆ ಸಪ್ಪಳ ಕಡಿಮಿ ಆತು, ಆಮ್ಯಾಲೆ ನಿಂತ ಹೋತು. ತಗದಿಟ್ಟಾಳ ಅಂತ ತಿಳಕೊಂಡೆ. ನಾನಿನ್ನೂ ಕುಂತೀನಿ ಇಲ್ಲಿ, ತಗದಾಳಲ್ಲ ಅಂತ..."

ವರ್ಷಕ್ಕೂ ಮೇಲೆ ಅವನು ಹೊತ್ತು ತಿರುಗಿದ ಸಂಕಟ ಇದು. ಒಂದು ಸಲ ತಲೆ ತಗ್ಗಿಸಿ ಹೆಂಡತಿಯ ಕಾಲು ನೋಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಉಂಗುರವನ್ನು ಅವನು ಎಂದೂ ನೋಡಿ ತಿಳಿದವನಲ್ಲ, ಕೇಳಿ ತಿಳಿದವನು. ಕಿವಿ ಇಲ್ಲ ಎಂದದ್ದನ್ನು ಕಣ್ಣಿನಿಂದ ಇನ್ನೊಮ್ಮೆ ಕೇಳಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ನನಗೆ ಅವನ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ಪ್ರೀತಿ ಬಂತು. ಅವನ ಕಿವಿ ಹೋಗಿದೆ ಎಂದು ಹೇಳಲು ಎಂಟು ತಿಂಗಳು ಹೆದರಿದೆನಲ್ಲ, ಆ ಸುದ್ದಿ ಕೇಳಿ ಅವನ ಮುಖ ಮಳೆ ನಿಂತ ಮೇಲಿನ ಅಂಗಳದಂತೆ ತಿಳಿಯಾಗಿತ್ತು.

"ಅವ್ವ ಸಡಿಲು ಮಾಡಿಸ್ಯಾಳಪ್ಪಾ. ನಾನ ಹೋಗಿದ್ದೆ ಆಕಿ ಕೂಡ. ಮೊದಲಿಗಿಂತಾ ಜೋರು ಕೇಳತೈತಿ."

"ಜೋರು ಕೇಳತೈತಿ?" ಅಂದ. "ಖರೇನ?"

ಹನ್ನೊಂದಾಗಿತ್ತು. ಅಂಗಳದಲ್ಲಿ ಟಿಣ್ ಟಿಣ್ ಎಂದು ನನಗೆ ಕೇಳಿಸಿತು. "ಬಂದಳು" ಅಂದೆ. ಅಪ್ಪ ಸ್ಟೂಲಿನ ಮೇಲೆ ಪೂರಾ ತಿರುಗಿ, ಬೆಂಚಿಗೆ ಬೆನ್ನು ಹಾಕಿ ಕೂತ. ಅವನು ಹಾಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವ್ವ ಹಲಗೆಯ ಹತ್ತಿರ ಬಂದು, ಗಂಡ ತನ್ನ ಕಡೆಗೆ ಮುಖ ಮಾಡಿ, ಬಗ್ಗಿ ನೆಲ ನೋಡುತ್ತಿರುವುದನ್ನು ಕಂಡು ನಿಂತಳು.

"ಏನು ನೋಡಾಕತ್ತೀರಿ?"

"ಕುಷ್ಟಗಿ" ಅಂದ ಅಪ್ಪ.

ಅವ್ವ ನನ್ನ ಮುಖ ನೋಡಿದಳು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಕಿವಿಯ ಮಾತು, ಡಬ್ಬಿಯ ಮಾತು, ಉಂಗುರದ ಮಾತು. ಅವಳು ಲೋಟ ಹಿಡಿದುಕೊಂಡೇ ಕೇಳಿದಳು. ಕೇಳಿ ಮುಗಿದ ಮೇಲೆ, "ಬಾಯಿ ಬಿಟ್ಟು ಕೇಳಬಾರದೇನ್ರಿ?" ಎಂದಷ್ಟೇ ಅಂದಳು. ಸೀರೆಯ ಅಂಚನ್ನು ಸ್ವಲ್ಪ ಮೇಲೆ ಹಿಡಿದು, ಬಾಗಿಲಿನ ಬೆಳಕಿಗೆ ಕಾಲು ಮುಂದಿಟ್ಟು, ಅಪ್ಪ ನೋಡಿ ಮುಗಿಸುವವರೆಗೆ ಹಾಗೆಯೇ ನಿಂತಿದ್ದಳು. ಚಹಾ ಆರಿ ಹೋಗಿತ್ತು, ಅಪ್ಪ ಅದನ್ನೇ ಕುಡಿದ.

ಅವತ್ತಿನಿಂದ ಕೆಲಸ ಹಂಚಿಕೊಂಡೆವು. ಗಂಗಾವತಿ, ಕೊಪ್ಪಳ ಅಪ್ಪನದು. ಬುಟ್ಟಿಯ ಮೇಲೆ ಅಂಗೈ ಇಟ್ಟು ಅವನು ಹೇಳುವಷ್ಟು ನಿಖರವಾಗಿ ನನ್ನ ಫೋನಿನ ಅಳತೆಯೂ ಹೇಳುವುದಿಲ್ಲ. ಕುಷ್ಟಗಿ ನನ್ನದು. ಯಲಬುರ್ಗಾದ ಬಗ್ಗೆ ಇನ್ನೂ ಜಗಳವಿದೆ. ಗಿರಾಕಿಗಳಿಗೆ ಅಪ್ಪನೇ ಹೇಳುತ್ತಾನೆ: "ನನ್ನ ಬದು ಇಲ್ಲಿಗೆ ಮುಗೀತ್ರಿ. ಮುಂದಿನ ಹೊಲ ನನ್ನ ಮಗಳದು."

ಅವ್ವ ಕಾಲು ತೋರಿಸಿದ ಮರುದಿನ ಹನ್ನೊಂದಕ್ಕೆ ಏನಾಯಿತೆಂದರೆ, ಅಪ್ಪ ಎಂದಿನಂತೆ ಅಂಗಳಕ್ಕೆ ಬೆನ್ನು ಹಾಕಿ ತಂತಿ ಸುತ್ತುತ್ತಿದ್ದ. ಪರಸಿಯ ಮೇಲೆ ಉಂಗುರದ ಸದ್ದು ನನಗೆ ಕೇಳಿಸಿತು, ಅವನಿಗಿಲ್ಲ. ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಗಟಾರದ ಹಲಗೆಯ ಮೇಲೆ ಹಿಮ್ಮಡಿ ಊರಿ ಒಂದು ಹೆಜ್ಜೆ ಬಲವಾಗಿ ಇಟ್ಟಳು. ಧಪ್ ಎಂದು ದಪ್ಪ ಸದ್ದು, ಪೂರಾ ಗಂಗಾವತಿ. ಅಪ್ಪ ತಿರುಗಿ ನೋಡಲಿಲ್ಲ. ಬಲಗೈಯಿಂದ ಸ್ಕ್ರೂಗಳನ್ನು ಸರಿಸಿ, ಬೆಂಚಿನ ಮೂಲೆಯನ್ನು ಅಂಗೈಯಿಂದ ಒರೆಸಿ, ಲೋಟಕ್ಕೆ ಜಾಗ ಮಾಡಿದ.